ಖಿಲಾಫತ್ ನಿಧಿ: ಒಂದು ಅಮಾನತಿನ ಇತಿಹಾಸ

ಸಮುದಾಯದ ಹೆಸರಿನಲ್ಲಿ ಸಂಗ್ರಹವಾದ ಹಣ ಹೇಗೆ ಖರ್ಚಾಯಿತು ಎಂಬ ಪ್ರಶ್ನೆ ಎದ್ದಾಗಲೆಲ್ಲ ನಮ್ಮ ನಡುವೆ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ದೀನಿನ ಕೆಲಸಕ್ಕೆ ನಿಂತವರಲ್ಲಿ ಲೆಕ್ಕ ಕೇಳುವುದು ಅಗೌರವ ಎನ್ನುವುದು ಒಂದು. ಚಂದಾ ಎತ್ತುವವರೆಲ್ಲರೂ ತಿನ್ನುವವರೇ, ಕೊಡದಿರುವುದೇ ಲೇಸು ಎನ್ನುವುದು ಇನ್ನೊಂದು. ಮೊದಲನೆಯ ಮಾತು ಹೊಣೆಗಾರನನ್ನು ಹಾಳುಮಾಡುತ್ತದೆ, ಎರಡನೆಯದು ದಾನಿಯನ್ನು. ಇವೆರಡರ ನಡುವಿನ ದಾರಿ ಯಾವುದೆಂದು ಅರಿಯಬೇಕಾದರೆ ನಮ್ಮದೇ ಇತಿಹಾಸದ ಒಂದು ಪ್ರಕರಣವನ್ನು ಶಾಂತಚಿತ್ತದಿಂದ ಓದಬೇಕು. ಅದು ನೂರು ವರ್ಷಗಳ ಹಿಂದಿನ ಖಿಲಾಫತ್ ನಿಧಿಯ ಪ್ರಕರಣ.

ಖಿಲಾಫತ್ ಚಳವಳಿಯ ಕುರಿತು ನಾವು ಸಾಮಾನ್ಯವಾಗಿ ಅಭಿಮಾನದಿಂದ ಮಾತನಾಡುತ್ತೇವೆ. ಅಲಿ ಸಹೋದರರ ಸೆರೆವಾಸ, ಗಾಂಧೀಜಿಯವರ ಜೊತೆಗಾರಿಕೆ, ಹಿಂದೂ-ಮುಸ್ಲಿಮ್ ಐಕ್ಯ ಇವೆಲ್ಲ ನಮ್ಮ ಭಾಷಣಗಳಲ್ಲಿ ಬರುತ್ತವೆ. ಆದರೆ ಆ ಚಳವಳಿಗಾಗಿ ಜನರು ಕೊಟ್ಟ ಹಣದ ಕಥೆ ಭಾಷಣಗಳಲ್ಲಿ ಬರುವುದಿಲ್ಲ. ಅಭಿಮಾನವೂ ಸತ್ಯವೂ ಒಟ್ಟಿಗೆ ಇರಬಲ್ಲವು ಎಂದು ನಂಬುವವರು ಆ ಕಥೆಯನ್ನು ಮುಚ್ಚಿಡಬೇಕಾದ ಅಗತ್ಯವಿಲ್ಲ.

ಕೊಡುವ ಕೈಗಳು

ಭಾರತದ ಮುಸ್ಲಿಮರು ದೂರದ ನಾಡಿನ ಕಾರ್ಯಕ್ಕಾಗಿ ಹಣ ಕೊಟ್ಟದ್ದು 1919ರಲ್ಲಿ ಮೊದಲ ಬಾರಿಗೇನಲ್ಲ. ಉಸ್ಮಾನೀ ಸುಲ್ತಾನ ಎರಡನೆಯ ಅಬ್ದುಲ್ ಹಮೀದ್ 1900ರಲ್ಲಿ ಹಿಜಾಝ್ ರೈಲುಮಾರ್ಗದ ಯೋಜನೆಯನ್ನು ಘೋಷಿಸಿದಾಗ ಇಲ್ಲಿಂದಲೂ ದೇಣಿಗೆ ಹೋಯಿತು. 1908ರಲ್ಲಿ ರೈಲು ಮದೀನಾ ತಲುಪಿತು. ಕೊಟ್ಟವರಿಗೆ ತಮ್ಮ ಹಣ ಹಳಿಯಾಗಿ ನೆಲದ ಮೇಲೆ ಕಾಣಿಸಿತು. ಬಾಲ್ಕನ್ ಯುದ್ಧದ ಸಮಯದಲ್ಲಿ, 1912ರಲ್ಲಿ, ಡಾ. ಮುಖ್ತಾರ್ ಅಹ್ಮದ್ ಅನ್ಸಾರಿಯವರ ನೇತೃತ್ವದಲ್ಲಿ ವೈದ್ಯಕೀಯ ತಂಡವೊಂದು ತುರ್ಕಿಗೆ ಹೊರಟಿತು. ಆ ಹಣ ಔಷಧಿಯಾಗಿ, ಗಾಯದ ಪಟ್ಟಿಯಾಗಿ ಕಾಣಿಸಿತು. 1913ರಲ್ಲಿ ಮೌಲಾನಾ ಅಬ್ದುಲ್ ಬಾರಿ ಫಿರಂಗೀಮಹಲಿ ಮತ್ತು ಶೌಕತ್ ಅಲಿ ಮೊದಲಾದವರು ಅಂಜುಮನ್ ಖುದ್ದಾಮೆ ಕಅಬಾ ಎಂಬ ಸಂಘವನ್ನು ಕಟ್ಟಿದರು. ಬಡವನೂ ಸೇರಬಲ್ಲಂತೆ ಅದರ ಸದಸ್ಯತ್ವಕ್ಕೆ ಕೇವಲ ಒಂದು ರೂಪಾಯಿಯ ಶುಲ್ಕವಿಡಲಾಗಿತ್ತು.

ಮೊದಲ ಮಹಾಯುದ್ಧದಲ್ಲಿ ತುರ್ಕಿ ಸೋತ ಮೇಲೆ ಪರಿಸ್ಥಿತಿ ಬದಲಾಯಿತು. ಈಗ ಬೇಕಾಗಿದ್ದುದು ರೈಲೂ ಅಲ್ಲ, ಆಸ್ಪತ್ರೆಯೂ ಅಲ್ಲ. ಖಲೀಫರ ಸ್ಥಾನಮಾನಕ್ಕೆ, ಪವಿತ್ರ ಸ್ಥಳಗಳ ಪಾಲನೆಗೆ ಧಕ್ಕೆ ಬರದಂತೆ ಬ್ರಿಟಿಷ್ ಸರಕಾರದ ಮನಸ್ಸನ್ನು ಬದಲಾಯಿಸಬೇಕಿತ್ತು. 1919ರಲ್ಲಿ ಮುಂಬಯಿಯನ್ನು ಕೇಂದ್ರವಾಗಿಸಿಕೊಂಡು ಖಿಲಾಫತ್ ಸಮಿತಿ ರೂಪುಗೊಂಡಿತು. ಅದರ ಕೆಲಸವೆಂದರೆ ಸಭೆ, ಪ್ರವಾಸ, ಪತ್ರಿಕೆ, ನಿಯೋಗ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದೊಂದು ಹಕ್ಕೊತ್ತಾಯದ ಸಂಸ್ಥೆ. ಇಂತಹ ಸಂಸ್ಥೆಯ ಖರ್ಚಿಗೂ ಅನಾಥಾಲಯದ ಖರ್ಚಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಅನಾಥಾಲಯದ ಹಣ ಮಗುವಿನ ತಟ್ಟೆಯಲ್ಲಿ ಕಾಣುತ್ತದೆ. ಹಕ್ಕೊತ್ತಾಯದ ಹಣ ರೈಲು ಟಿಕೇಟಿನಲ್ಲಿ, ಮುದ್ರಣಾಲಯದ ಬಿಲ್ಲಿನಲ್ಲಿ, ವಸತಿಗೃಹದ ಬಾಡಿಗೆಯಲ್ಲಿ ಕರಗಿಹೋಗುತ್ತದೆ. ಅದು ಸರಿಯಾಗಿ ಖರ್ಚಾಯಿತೇ ಎಂದು ದಾನಿಯು ಕಣ್ಣಿನಿಂದ ನೋಡಿ ತಿಳಿಯಲಾರ. ಲೆಕ್ಕದ ಪುಸ್ತಕದಿಂದ ಮಾತ್ರ ತಿಳಿಯಬಲ್ಲ.

ಜನರು ಧಾರಾಳವಾಗಿ ಕೊಟ್ಟರು. ಅಲಿ ಸಹೋದರರ ತಾಯಿ ಆಬಾದಿ ಬಾನೋ ಬೇಗಂ, ಜನರ ಪಾಲಿನ ಬೀ ಅಮ್ಮಾ, ಇಳಿವಯಸ್ಸಿನಲ್ಲಿ ಊರೂರು ತಿರುಗಿ ಮಹಿಳೆಯರ ಸಭೆಗಳಲ್ಲಿ ಮಾತನಾಡಿದರು. ಸ್ತ್ರೀಯರು ಮೈಮೇಲಿನ ಒಡವೆ ಬಿಚ್ಚಿಕೊಟ್ಟರು. ತುರ್ಕಿಯಲ್ಲಿ ಮುಸ್ತಫಾ ಕಮಾಲರ ನೇತೃತ್ವದಲ್ಲಿ ಹೋರಾಟ ನಡೆಯುತ್ತಿದ್ದಾಗ ಅಂಗೋರಾ ನಿಧಿ, ಸ್ಮರ್ನಾ ನಿಧಿ ಎಂದು ಪ್ರತ್ಯೇಕ ಹೆಸರುಗಳಲ್ಲಿಯೂ ಹಣ ಸೇರಿತು. ಕನ್ನಡ ನಾಡೂ ಈ ಪ್ರವಾಹದಿಂದ ಹೊರಗಿರಲಿಲ್ಲ. 1920ರ ಆಗಸ್ಟ್ ತಿಂಗಳಲ್ಲಿ ಗಾಂಧೀಜಿ ಮತ್ತು ಶೌಕತ್ ಅಲಿ ಜೊತೆಯಾಗಿ ಮಂಗಳೂರಿಗೂ ಬೆಂಗಳೂರಿಗೂ ಬಂದು ಖಿಲಾಫತ್ ಮತ್ತು ಅಸಹಕಾರದ ಸಂದೇಶ ಸಾರಿದರು.

ಸೇಠರ ವ್ಯಾಪಾರದೊಳಗೆ

ಕೇಂದ್ರ ಖಿಲಾಫತ್ ಸಮಿತಿಯ ಅಧ್ಯಕ್ಷರಾಗಿದ್ದವರು ಮುಂಬಯಿಯ ಮಿಯಾ ಮುಹಮ್ಮದ್ ಹಾಜಿ ಜಾನ್ ಮುಹಮ್ಮದ್ ಛೋಟಾನಿ. ಮರದ ವ್ಯಾಪಾರದಲ್ಲಿ ಹೆಸರು ಮಾಡಿದ ಮೇಮನ್ ಸೇಠರು. 1921ರಲ್ಲಿ ತುರ್ಕಿಯ ಪ್ರಶ್ನೆಯನ್ನು ಮಂಡಿಸಲು ಲಂಡನ್ನಿಗೆ ಹೋದವರಲ್ಲಿ ಅವರೂ ಇದ್ದರು. ಸಮಿತಿಯ ಹಣ ಅವರ ಕೈಯಲ್ಲಿತ್ತು. ಆ ಕಾಲದಲ್ಲಿ ಹೆಸರಾಂತ ಸೇಠರ ಗಲ್ಲಾ ಎಂದರೆ ಜನಸಾಮಾನ್ಯರ ಪಾಲಿಗೆ ಬ್ಯಾಂಕಿಗಿಂತ ಕಡಿಮೆಯಾದುದಲ್ಲ. ಸೇಠರು ಹಾಜಿಗಳು, ಶ್ರೀಮಂತರು, ಚಳವಳಿಯ ಮುಂದಾಳುಗಳು. ಇನ್ನೇನು ಜಾಮೀನು ಬೇಕು?

ಹಣದ ಬಗ್ಗೆ ಪ್ರಶ್ನೆಗಳು ಅದಕ್ಕೂ ಮುಂಚೆಯೇ ಶುರುವಾಗಿದ್ದವು. 1920ರ ಆರಂಭದಲ್ಲಿ ಮೌಲಾನಾ ಮುಹಮ್ಮದ್ ಅಲಿಯವರ ನೇತೃತ್ವದ ನಿಯೋಗ ಯೂರೋಪಿಗೆ ಹೋಗಿ ತಿಂಗಳುಗಟ್ಟಲೆ ಇದ್ದಿತು. ಅದರಲ್ಲಿ ಸಯ್ಯದ್ ಸುಲೈಮಾನ್ ನದ್ವಿಯವರಂತಹ ವಿದ್ವಾಂಸರಿದ್ದರು. ಪ್ರಧಾನಿ ಲಾಯ್ಡ್ ಜಾರ್ಜರನ್ನು ಕಂಡರೂ ನಿಯೋಗಕ್ಕೆ ಬೇಕಾದ ಫಲ ಸಿಗಲಿಲ್ಲ. ಅದೇ ವರ್ಷದ ಆಗಸ್ಟ್ 10ರಂದು ಸೆವ್ರ್ ಒಪ್ಪಂದಕ್ಕೆ ಸಹಿಯಾಯಿತು. ಬಡವರ ಹಣದಲ್ಲಿ ಇಷ್ಟು ದೂರದ ಪ್ರವಾಸ ಬೇಕಿತ್ತೇ ಎಂಬ ಟೀಕೆ ಬಂತು. ಇಲ್ಲಿ ನಾವು ನ್ಯಾಯವಾಗಿ ಯೋಚಿಸಬೇಕು. ಫಲ ಸಿಗದ ಖರ್ಚೆಲ್ಲ ದುರ್ವ್ಯಯವಲ್ಲ. ನಿಯೋಗ ಕಳಿಸುವುದೇ ಆ ಸಂಸ್ಥೆಯ ಉದ್ದೇಶವಾಗಿತ್ತು. ದಾನಿಗಳಿಗೆ ಅದು ಗೊತ್ತಿತ್ತು. ಉದ್ದೇಶದೊಳಗಿನ ಸೋಲು ಬೇರೆ, ಉದ್ದೇಶದ ಹೊರಗಿನ ಬಳಕೆ ಬೇರೆ. ಈ ಗೆರೆಯನ್ನು ಮರೆತವರು ಪ್ರಾಮಾಣಿಕ ಕಾರ್ಯಕರ್ತನನ್ನೂ ತಪ್ಪಿತಸ್ಥನನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ.

ಗೆರೆಯ ಆಚೆಗಿನ ಸಂಗತಿ ಬೆಳಕಿಗೆ ಬಂದದ್ದು 1922-23ರ ಹೊತ್ತಿಗೆ. ಆಗ ಅಲಿ ಸಹೋದರರು ಕರಾಚಿ ಮೊಕದ್ದಮೆಯಲ್ಲಿ ಎರಡು ವರ್ಷಗಳ ಶಿಕ್ಷೆಗೊಳಗಾಗಿ ಸೆರೆಮನೆಯಲ್ಲಿದ್ದರು. ಸಮಿತಿಯ ಲೆಕ್ಕಪತ್ರಗಳ ವಿಚಾರಣೆ ನಡೆದಾಗ ಸುಮಾರು 16 ಲಕ್ಷ ರೂಪಾಯಿ ಸೇಠರ ಸ್ವಂತ ವ್ಯಾಪಾರದೊಳಗೆ ಸೇರಿಹೋಗಿರುವುದು ತಿಳಿದುಬಂತು. 1921ರಲ್ಲಿ ಇಡೀ ದೇಶ ಸೇರಿ ತಿಲಕ್ ಸ್ವರಾಜ್ಯ ನಿಧಿಗೆ ಒಂದು ಕೋಟಿ ರೂಪಾಯಿ ಕೂಡಿಸಿದ್ದನ್ನು ನೆನೆದರೆ ಈ ಮೊತ್ತ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಸೇಠರು ನಗದು ಹಿಂದಿರುಗಿಸಲಾರದೆ ತಮ್ಮ ಮರ ಕೊಯ್ಯುವ ಕಾರ್ಖಾನೆಗಳನ್ನು ಸಮಿತಿಗೆ ಒಪ್ಪಿಸಿದರು. ತುರ್ಕಿಯ ಗಾಯಾಳುವಿಗಾಗಿ ಬಳೆ ಬಿಚ್ಚಿಕೊಟ್ಟ ತಾಯಿಯ ದಾನ ಕೊನೆಗೆ ಮುಂಬಯಿಯ ಗರಗಸದ ಯಂತ್ರವಾಗಿ ಸಮಿತಿಯ ಕೈಸೇರಿತು.

ಜನರ ಮನಸ್ಸಿನಲ್ಲಿ ಮೂಡಿದ ಕಹಿ ಸಣ್ಣದಲ್ಲ. ಚಳವಳಿಯ ಇಳಿತಕ್ಕೆ ಇದೊಂದೇ ಕಾರಣವೆಂದು ಹೇಳಲಾಗದು. 1922ರ ಫೆಬ್ರವರಿಯಲ್ಲಿ ಅಸಹಕಾರ ನಿಂತುಹೋಗಿತ್ತು, ನಾಯಕರು ಸೆರೆಯಲ್ಲಿದ್ದರು. ಆದರೂ ಮತ್ತೆ ಜೋಳಿಗೆ ಹಿಡಿದು ಹೋಗುವ ಕಾರ್ಯಕರ್ತನ ಮುಖಕ್ಕೆ ಈ ಪ್ರಶ್ನೆ ಎದುರಾಗದೆ ಇರಲಿಲ್ಲ. ಒಬ್ಬನ ಕೈಯಲ್ಲಾದ ತಪ್ಪಿಗೆ ಸಾವಿರ ಪ್ರಾಮಾಣಿಕರು ತಲೆತಗ್ಗಿಸಬೇಕಾಯಿತು.

ಕಾನೂನು ಎಲ್ಲಿತ್ತು?

ಇಂತಹ ಸಂದರ್ಭದಲ್ಲಿ ಕಾನೂನು ಏನು ಮಾಡಬಲ್ಲದು? ಸಾರ್ವಜನಿಕ ದತ್ತಿಗಳ ವಿಷಯದಲ್ಲಿ ಆಗಲೂ ಕಾನೂನು ಇತ್ತು. ದತ್ತಿಯಲ್ಲಿ ಹಿತಾಸಕ್ತಿಯುಳ್ಳ ಯಾವನೇ ವ್ಯಕ್ತಿ ನ್ಯಾಯಾಲಯದ ಮೂಲಕ ಲೆಕ್ಕ ಕೇಳುವ ಅವಕಾಶವನ್ನು 1920ರ ಧಾರ್ಮಿಕ ಮತ್ತು ಧರ್ಮಾದಾಯ ದತ್ತಿಗಳ ಕಾಯಿದೆ ನೀಡಿತ್ತು. ಲೆಕ್ಕ ಪ್ರಕರಣ ಹೊರಬಂದ ಹೊತ್ತಿನಲ್ಲಿಯೇ, 1923ರಲ್ಲಿ, ಮುಸಲ್ಮಾನ್ ವಕ್ಫ್ ಕಾಯಿದೆ ಜಾರಿಯಾಗಿ ಮುತವಲ್ಲಿಗಳು ಆಸ್ತಿಯ ವಿವರವನ್ನೂ ವಾರ್ಷಿಕ ಲೆಕ್ಕವನ್ನೂ ನ್ಯಾಯಾಲಯಕ್ಕೆ ಸಲ್ಲಿಸಬೇಕೆಂದಾಯಿತು.

ಆದರೆ ಹಕ್ಕೊತ್ತಾಯಕ್ಕೆಂದು ಕೂಡಿದ ಚಂದಾ ವಕ್ಫ್ ಅಲ್ಲ. ಬ್ರಿಟಿಷ್ ಕಾನೂನಿನ ದೃಷ್ಟಿಯಲ್ಲಿ ಅದು ಧರ್ಮಾದಾಯವೂ ಅಲ್ಲ. ರಾಜಕೀಯ ಉದ್ದೇಶದ ದತ್ತಿಯನ್ನು ನ್ಯಾಯಾಲಯ ಊರ್ಜಿತಗೊಳಿಸಲಾರದು, ಏಕೆಂದರೆ ಕಾನೂನಿನಲ್ಲಿ ಒಂದು ಬದಲಾವಣೆ ಜನಹಿತವೇ ಅಲ್ಲವೇ ಎಂದು ತೀರ್ಮಾನಿಸುವ ಸಾಧನ ನ್ಯಾಯಾಧೀಶನ ಬಳಿ ಇಲ್ಲ ಎಂಬ ತತ್ವವನ್ನು ಇಂಗ್ಲೆಂಡಿನ ಲಾರ್ಡ್ಸ್ ಸಭೆ 1917ರ ಬೋಮನ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತ್ತು. ಭಾರತದಲ್ಲಿ ಇದರ ಪರಿಣಾಮವನ್ನು ತೋರಿಸಿದ ಪ್ರಸಿದ್ಧ ವ್ಯಾಜ್ಯ ಸ್ವಲ್ಪ ಕಾಲದ ಬಳಿಕ ಬಂತು. 1933ರಲ್ಲಿ ನಿಧನರಾದ ವಿಠಲಭಾಯಿ ಪಟೇಲರು ತಮ್ಮ ಆಸ್ತಿಯ ದೊಡ್ಡ ಪಾಲನ್ನು ಭಾರತದ ರಾಜಕೀಯ ಏಳಿಗೆಗಾಗಿ, ಮುಖ್ಯವಾಗಿ ವಿದೇಶಗಳಲ್ಲಿ ಪ್ರಚಾರಕ್ಕಾಗಿ ಬಳಸುವಂತೆ ಸುಭಾಷ್‌ಚಂದ್ರ ಬೋಸರಿಗೆ ಉಯಿಲಿನಲ್ಲಿ ಬಿಟ್ಟಿದ್ದರು. ಬೋಸರು ಮುಂಬಯಿ ಹೈಕೋರ್ಟಿನಲ್ಲಿ ಸೋತರು. ಸತ್ತವನ ಇಚ್ಛೆ ಎಷ್ಟೇ ಉದಾತ್ತವಾಗಿದ್ದರೂ ಉದ್ದೇಶ ಅಸ್ಪಷ್ಟವೂ ರಾಜಕೀಯವೂ ಆಗಿದ್ದರೆ ಕಾನೂನು ಅದಕ್ಕೆ ಕಾವಲು ನಿಲ್ಲುವುದಿಲ್ಲ ಎಂಬುದು ಅಲ್ಲಿ ಸಾಬೀತಾಯಿತು.

ಖಿಲಾಫತ್ ಸಮಿತಿಗೆ ಇನ್ನೂ ಒಂದು ತೊಡಕಿತ್ತು. ಬ್ರಿಟಿಷ್ ನ್ಯಾಯಾಲಯಗಳನ್ನು ಬಹಿಷ್ಕರಿಸಿರೆಂದು ದೇಶಕ್ಕೆ ಕರೆಕೊಟ್ಟವರಲ್ಲಿ ಅದೂ ಸೇರಿತ್ತು. ಅದೇ ನ್ಯಾಯಾಲಯದ ಮೆಟ್ಟಿಲೇರಿ ತನ್ನದೇ ಅಧ್ಯಕ್ಷನ ಮೇಲೆ ದಾವೆ ಹೂಡುವುದು ಅದಕ್ಕೆ ಸುಲಭದ ಮಾತಾಗಿರಲಿಲ್ಲ. ಹೊರಗಿನ ಕಾವಲನ್ನು ನಿರಾಕರಿಸುವ ಹಕ್ಕು ಒಂದು ಚಳವಳಿಗೆ ಇದೆ. ಆದರೆ ಹಾಗೆ ನಿರಾಕರಿಸಿದವರ ಮೇಲೆ ಒಳಗಿನ ಕಾವಲನ್ನು ಇಮ್ಮಡಿಗೊಳಿಸುವ ಹೊಣೆಯೂ ಬೀಳುತ್ತದೆ. ಕೊರತೆಯಾದದ್ದು ಇಲ್ಲಿಯೇ.

ಒಳಗಿನ ಕಾವಲು ಅಸಾಧ್ಯವೇನಲ್ಲ ಎಂಬುದಕ್ಕೆ ಅದೇ ಪೀಳಿಗೆಯಲ್ಲಿ ಸಾಕ್ಷ್ಯವಿದೆ. 1894ರಲ್ಲಿ ದಕ್ಷಿಣ ಆಫ್ರಿಕದಲ್ಲಿ ನಟಾಲ್ ಇಂಡಿಯನ್ ಕಾಂಗ್ರೆಸ್ ಹುಟ್ಟಿದ್ದು ಮುಸ್ಲಿಮ್ ವ್ಯಾಪಾರಿ ದಾದಾ ಅಬ್ದುಲ್ಲಾರ ಮನೆಯಲ್ಲಿ. ಅದರ ಕಾರ್ಯದರ್ಶಿಯಾಗಿದ್ದ ಗಾಂಧೀಜಿ ಪ್ರತಿಯೊಂದು ಚಂದಾಕ್ಕೂ ರಸೀದಿ ಕೊಟ್ಟರು, ಕಾಸುಕಾಸಿಗೂ ಲೆಕ್ಕವಿಟ್ಟರು. ಲೆಕ್ಕ ಚೊಕ್ಕಟವಾಗಿರದೆ ಸಾರ್ವಜನಿಕ ಸಂಸ್ಥೆಯಲ್ಲಿ ಸತ್ಯ ಉಳಿಯದು ಎಂಬುದು ಅವರ ಆತ್ಮಕಥೆಯಲ್ಲಿ ಕಾಣುವ ನಿಲುವು. ಅಲ್ಲಿಯೂ ಹಣ ಕೊಟ್ಟವರು ಬಹುಪಾಲು ನಮ್ಮ ವ್ಯಾಪಾರಿಗಳೇ. ವ್ಯತ್ಯಾಸವಿದ್ದದ್ದು ಪುಸ್ತಕ ಬರೆಯುವ ಪದ್ಧತಿಯಲ್ಲಿ.

ಅಂಕಾರಾ ತಲುಪಿದ ಹಣ

ಎಲ್ಲ ಹಣವೂ ಮುಂಬಯಿಯಲ್ಲಿ ಉಳಿಯಲಿಲ್ಲ. ಒಳ್ಳೆಯ ಮೊತ್ತವೊಂದು ಅಂಕಾರಾಕ್ಕೆ ತಲುಪಿತು, ಮುಸ್ತಫಾ ಕಮಾಲರ ಹೆಸರಿಗೆ. ಅದರಲ್ಲಿ ಸ್ವಲ್ಪ ಯುದ್ಧದ ಖರ್ಚಿಗೆ ಬಳಕೆಯಾಯಿತು. ತುರ್ಕಿ ಗೆದ್ದಿತು. ಆ ಬಳಿಕ 1924ರ ಮಾರ್ಚ್ 3ರಂದು ತುರ್ಕಿಯ ಸಂಸತ್ತು ಖಿಲಾಫತನ್ನೇ ರದ್ದುಪಡಿಸಿ ಕೊನೆಯ ಖಲೀಫಾ ಎರಡನೆಯ ಅಬ್ದುಲ್ ಮಜೀದರನ್ನು ದೇಶದಿಂದ ಹೊರಗೆ ಕಳುಹಿಸಿತು. ಅದೇ ವರ್ಷ ಆಗಸ್ಟ್ 26ರಂದು ಅಂಕಾರಾದಲ್ಲಿ ಇಶ್ ಬ್ಯಾಂಕ್ ಸ್ಥಾಪನೆಯಾಯಿತು. ಅದರ ಬಂಡವಾಳ 10 ಲಕ್ಷ ಲಿರಾ. ಆರಂಭದಲ್ಲಿ ಪಾವತಿಯಾದ ಎರಡೂವರೆ ಲಕ್ಷ ಲಿರಾವನ್ನು ಮುಸ್ತಫಾ ಕಮಾಲರು ಭಾರತದ ಮುಸ್ಲಿಮರು ಕಳುಹಿಸಿದ್ದ ಹಣದಿಂದ ಕೊಟ್ಟರು.

ಖಲೀಫರ ಸ್ಥಾನವನ್ನು ಉಳಿಸಲೆಂದು ಹೊರಟ ಚಳವಳಿಯ ಹಣ, ಖಲೀಫರನ್ನು ಹೊರಗಟ್ಟಿದ ಆರು ತಿಂಗಳೊಳಗೆ, ಬಡ್ಡಿಯ ಮೇಲೆ ನಡೆಯುವ ಬ್ಯಾಂಕಿನ ಬಂಡವಾಳವಾಯಿತು. ಈ ಕಥೆ ಅಲ್ಲಿಗೂ ಮುಗಿಯಲಿಲ್ಲ. ಮುಸ್ತಫಾ ಕಮಾಲರು 1938ರ ತಮ್ಮ ಉಯಿಲಿನಲ್ಲಿ ಆ ಷೇರುಗಳನ್ನು ತಮ್ಮ ಪಕ್ಷಕ್ಕೆ ಬಿಟ್ಟರು. ಅವುಗಳ ಲಾಭಾಂಶ ತುರ್ಕಿ ಭಾಷಾ ಸಂಸ್ಥೆಗೂ ಇತಿಹಾಸ ಸಂಸ್ಥೆಗೂ ಹೋಗಬೇಕೆಂದು ಬರೆದರು. ಇಂದಿಗೂ ಬ್ಯಾಂಕಿನ ಸುಮಾರು 28 ಶೇಕಡಾ ಷೇರುಗಳು ರಿಪಬ್ಲಿಕನ್ ಪೀಪಲ್ಸ್ ಪಕ್ಷದ ಹೆಸರಿನಲ್ಲಿವೆ. ಅವು ಸರಕಾರಿ ಖಜಾನೆಗೆ ಸೇರಬೇಕೆಂದು ಅಧ್ಯಕ್ಷ ಎರ್ದೊಗಾನ್ 2018ರಲ್ಲಿ ಒತ್ತಾಯಿಸಿದಾಗ ಹಳೆಯ ವಿವಾದಕ್ಕೆ ಮತ್ತೆ ಜೀವ ಬಂತು. ಪಕ್ಷದ್ದೋ ಖಜಾನೆಯದ್ದೋ ಎಂಬ ಈ ಜಗಳದಲ್ಲಿ ಮೂಲ ದಾನಿಗಳ ಪರವಾಗಿ ಹಕ್ಕು ಕೇಳುವವರು ಯಾರೂ ಇಲ್ಲ. ಕಾನೂನಿನ ಪ್ರಕಾರ ಕೇಳುವುದೂ ಕಷ್ಟ. ಹಣ ಒಬ್ಬ ವ್ಯಕ್ತಿಯ ಹೆಸರಿಗೆ ಹೋಗಿತ್ತು. ಉದ್ದೇಶ ಕೈಗೂಡಿದ ಮೇಲೆ ಅಥವಾ ಉದ್ದೇಶವೇ ಇಲ್ಲವಾದ ಮೇಲೆ ಉಳಿದದ್ದನ್ನು ಏನು ಮಾಡಬೇಕೆಂದು ಯಾರೂ ಷರತ್ತು ಹಾಕಿರಲಿಲ್ಲ.

ಇಲ್ಲಿಯೂ ಸಮಿತಿಯ ಮುಂದೆ ಅದೇ ಪ್ರಶ್ನೆ ಬಂತು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಅದರ ಜೊತೆಯಲ್ಲೇ ಖಿಲಾಫತ್ ಸಮ್ಮೇಳನವೂ ಸೇರಿತು. ಖಿಲಾಫತ್ ಇಲ್ಲವಾಗಿ ಆಗ ಒಂಬತ್ತು ತಿಂಗಳು ಕಳೆದಿತ್ತು. ಯಾವುದಕ್ಕಾಗಿ ಜನರು ಹಣ ಕೊಟ್ಟಿದ್ದರೋ ಅದೇ ಇಲ್ಲವಾದಾಗ ಉಳಿದ ಹಣವೂ ಕಚೇರಿಯೂ ಯಾರ ಸ್ವತ್ತು? ವಕ್ಫಿನ ವಿಷಯದಲ್ಲಿ ನಮ್ಮ ಫಕೀಹರು ಇದಕ್ಕೆ ಉತ್ತರ ಕೊಟ್ಟಿದ್ದಾರೆ: ಮೂಲ ಉದ್ದೇಶ ಅಸಾಧ್ಯವಾದರೆ ಅದಕ್ಕೆ ಅತ್ಯಂತ ಹತ್ತಿರವಾದ ಉದ್ದೇಶಕ್ಕೆ ಬಳಸಬೇಕು, ನೋಡಿಕೊಳ್ಳುವವನ ಇಷ್ಟಕ್ಕೆ ಅಲ್ಲ. ಇಂಗ್ಲಿಷ್ ದತ್ತಿ ಕಾನೂನಿನಲ್ಲಿಯೂ ಇಂತಹುದೇ ತತ್ವವಿದೆ. ಚಂದಾದ ಹಣಕ್ಕೂ ಇದೇ ನಿಯಮವನ್ನು ಮೊದಲೇ ಬರೆದಿಟ್ಟಿದ್ದರೆ ಎಷ್ಟೋ ಮನಸ್ತಾಪ ತಪ್ಪುತ್ತಿತ್ತು.

ಅಮಾನತಿನ ಅಳತೆಗೋಲು

ನಮ್ಮ ಧಾರ್ಮಿಕ ಪರಂಪರೆಯಲ್ಲಿ ಈ ವಿಷಯ ಹೊಸದಲ್ಲ. ಪ್ರವಾದಿ(ಸ)ರು ಇಬ್ನುಲ್ಲುತ್ಬಿಯ್ಯಾ ಎಂಬವರನ್ನು ಝಕಾತ್ ಸಂಗ್ರಹಿಸಲು ಕಳುಹಿಸಿದ್ದರು. ಮರಳಿ ಬಂದ ಅವರು ಇಷ್ಟು ನಿಮ್ಮದು, ಇಷ್ಟು ನನಗೆ ಬಂದ ಉಡುಗೊರೆ ಎಂದು ವಿಂಗಡಿಸಿದರು. ಹೆತ್ತವರ ಮನೆಯಲ್ಲಿ ಸುಮ್ಮನೆ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂದು ಪ್ರವಾದಿ(ಸ)ರು ಎಲ್ಲರೆದುರು ಪ್ರಶ್ನಿಸಿದರು. ಗಮನಿಸಬೇಕಾದ ಅಂಶವೆಂದರೆ ಇಬ್ನುಲ್ಲುತ್ಬಿಯ್ಯಾ ಕಳ್ಳರಲ್ಲ. ತಂದದ್ದನ್ನು ಮುಚ್ಚಿಡದೆ ಮುಂದಿಟ್ಟಿದ್ದರು. ಆದರೂ ಅವರಿಂದ ಲೆಕ್ಕ ತೆಗೆದುಕೊಳ್ಳಲಾಯಿತು. ಇಮಾಮ್ ಬುಖಾರಿಯವರು ಈ ಹದೀಸನ್ನು ಝಕಾತ್ ವಸೂಲಿಗಾರರಿಂದ ಇಮಾಮರು ಲೆಕ್ಕ ಪಡೆಯುವ ಅಧ್ಯಾಯದಡಿಯಲ್ಲಿಯೇ ಸೇರಿಸಿದ್ದಾರೆ. ಸಹಾಬಿಯೊಬ್ಬರಿಂದ ಲೆಕ್ಕ ಕೇಳುವುದು ಅಗೌರವವಾಗಲಿಲ್ಲವೆಂದ ಮೇಲೆ ನಮ್ಮ ಕಾಲದ ಅಧ್ಯಕ್ಷ-ಕಾರ್ಯದರ್ಶಿಗಳಿಂದ ಕೇಳುವುದು ಹೇಗೆ ಅಗೌರವವಾದೀತು?

ಛೋಟಾನಿ ಸೇಠರ ಪ್ರಕರಣಕ್ಕೂ ಫಿಕ್‌ಹಿನಲ್ಲಿ ನೇರ ಉತ್ತರವಿದೆ. ಅಮಾನತು ಇಟ್ಟುಕೊಂಡವನ ಕೈಯಿಂದ, ಅವನ ತಪ್ಪಿಲ್ಲದೆ, ವಸ್ತು ಹಾಳಾದರೆ ಅವನು ಹೊಣೆಗಾರನಲ್ಲ. ಆದರೆ ಬೇರ್ಪಡಿಸಲಾಗದಂತೆ ಅದನ್ನು ತನ್ನ ಹಣದೊಂದಿಗೆ ಬೆರೆಸಿದರೆ ಬೆರೆಸಿದ ಕ್ಷಣದಿಂದಲೇ ಅವನು ಹೊಣೆಗಾರನಾಗುತ್ತಾನೆ ಎಂಬುದು ಹನಫೀ ಫಕೀಹರ ನಿಲುವು. ನಾಳೆ ಮರಳಿಸುವೆನೆಂಬ ಸದುದ್ದೇಶ, ಸಮಾಜದಲ್ಲಿರುವ ಹೆಸರು, ತಾನು ಮಾಡಿದ ದಾನಧರ್ಮ ಯಾವುದೂ ಈ ನಿಯಮವನ್ನು ಸಡಿಲಿಸುವುದಿಲ್ಲ. ಹಣ ಪ್ರತ್ಯೇಕವಾಗಿರಬೇಕು, ಉಳಿದುದೆಲ್ಲ ಆಮೇಲಿನ ಮಾತು.

ಆಡಳಿತ ವೆಚ್ಚದ ಮಿತಿಯನ್ನೂ ನಮ್ಮ ಹಿರಿಯರು ಯೋಚಿಸಿದ್ದರು. ಝಕಾತಿನ ಎಂಟು ಪಾಲುದಾರರಲ್ಲಿ ಅದನ್ನು ಸಂಗ್ರಹಿಸುವ ಕೆಲಸಗಾರರೂ ಒಬ್ಬರೆಂದು ಕುರ್‌ಆನ್ ಹೇಳಿದೆ. ದುಡಿಯುವವನಿಗೆ ಕೂಲಿ ಸಲ್ಲಬೇಕು ಎಂಬುದು ಇದರಿಂದ ಸ್ಪಷ್ಟ. ಆದರೆ ಎಷ್ಟು? ಎಂಟನೆಯ ಒಂದು ಪಾಲನ್ನು ಮೀರಬಾರದೆಂದು ಶಾಫಿಈ ಮದ್‌ಹಬ್ ಹೇಳಿದರೆ, ಕೆಲಸಕ್ಕೆ ತಕ್ಕಷ್ಟು ಕೊಡಬಹುದು, ಸಂಗ್ರಹದ ಅರ್ಧವನ್ನು ಮಾತ್ರ ದಾಟಬಾರದೆಂದು ಹನಫೀಗಳು ಹೇಳಿದರು. ನಮ್ಮ ದೇಶದ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಯಲ್ಲಿ ಆಡಳಿತ ವೆಚ್ಚದ ಮಿತಿ 50 ಶೇಕಡಾ ಇತ್ತು. 2020ರ ತಿದ್ದುಪಡಿಯಲ್ಲಿ ಅದನ್ನು 20 ಶೇಕಡಾಕ್ಕೆ ಇಳಿಸಲಾಯಿತು. ಆಗ ನಡೆದ ಚರ್ಚೆಯಲ್ಲಿ ಹಕ್ಕೊತ್ತಾಯದ ಸಂಸ್ಥೆಗಳ ವಾದವೂ ತೂಕವುಳ್ಳದ್ದೇ. ಅಕ್ಕಿ ಹಂಚುವ ಸಂಸ್ಥೆಗೆ ಅಕ್ಕಿಯೇ ಖರ್ಚು. ಅನ್ಯಾಯದ ವಿರುದ್ಧ ದಾಖಲೆ ಕೂಡಿಸುವ ಸಂಸ್ಥೆಗೆ ದಾಖಲೆ ಬರೆಯುವ ಮನುಷ್ಯರ ಸಂಬಳವೇ ಖರ್ಚು. ಕಚೇರಿ ವೆಚ್ಚವೆಂದು ಅದನ್ನು ತಳ್ಳಿಹಾಕಲಾಗದು. ಅದೇ ವರ್ಷ ಇನ್ನೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ರಾಜಕೀಯ ಗುರಿಯಿಲ್ಲದೆ ಜನರ ಹಕ್ಕಿಗಾಗಿ ಪ್ರತಿಭಟಿಸುವ ಸಂಸ್ಥೆಗೆ ಆ ಕಾರಣಕ್ಕೇ ವಿದೇಶಿ ದೇಣಿಗೆ ನಿರಾಕರಿಸುವಂತಿಲ್ಲ ಎಂದು ಹೇಳಿತು. ನ್ಯಾಯಕ್ಕಾಗಿ ದನಿಯೆತ್ತುವುದೂ ಸತ್ಕಾರ್ಯವೇ. ಆದರೆ ಆ ಸತ್ಕಾರ್ಯದ ಫಲ ಕಣ್ಣಿಗೆ ಕಾಣದಿರುವುದರಿಂದಲೇ ಅದರ ಲೆಕ್ಕ ಇನ್ನಷ್ಟು ಬಿಚ್ಚಿಟ್ಟಂತಿರಬೇಕು.

ಖಿಲಾಫತ್ ನಿಧಿಯ ಇತಿಹಾಸದಲ್ಲಿ ನಮಗೆ ಸಮಾಧಾನ ಕೊಡುವ ಒಂದು ಅಂಶವಿದೆ. ಲೆಕ್ಕವನ್ನು ಕೆದಕಿ ನೋಡಿದವರು ಶತ್ರುಗಳು ಮಾತ್ರವಲ್ಲ. ಚಳವಳಿಯ ಒಳಗಿನವರೇ ವಿಚಾರಣೆ ನಡೆಸಿದರು, ತಮ್ಮದೇ ಅಧ್ಯಕ್ಷರಿಂದ ಆಸ್ತಿ ಬರೆಸಿಕೊಂಡರು. ತಡವಾಗಿಯಾದರೂ ಅವರು ಮಾಡಿದ್ದು ಸರಿ. ಅದನ್ನು ಮೊದಲ ವರ್ಷವೇ ಮಾಡಿದ್ದರೆ ಸೇಠರ ಮಾನವೂ ಉಳಿಯುತ್ತಿತ್ತು, ಸಮುದಾಯದ ಹಣವೂ ಉಳಿಯುತ್ತಿತ್ತು. ಲೆಕ್ಕ ಕೇಳದಿರುವುದು ಗೌರವವೆಂದು ತಿಳಿದವರು ಆ ಮನುಷ್ಯನನ್ನು ಪ್ರಲೋಭನೆಯ ಮುಂದೆ ಒಂಟಿಯಾಗಿ ನಿಲ್ಲಿಸಿದ್ದರು.

ಆದ್ದರಿಂದ ಕೊಡುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳುವುದನ್ನು ನಾವು ನಮ್ಮ ಮನೆಗಳಲ್ಲಿ ರೂಢಿಸಿಕೊಳ್ಳಬೇಕು. ಈ ಹಣ ಯಾವ ಉದ್ದೇಶಕ್ಕೆ? ಅದು ಯಾರ ಹೆಸರಿನ ಖಾತೆಯಲ್ಲಿರುತ್ತದೆ, ಎಷ್ಟು ಜನರ ಸಹಿಯಿಂದ ಹೊರಬರುತ್ತದೆ? ಹೊರಗಿನವರೊಬ್ಬರು ವರ್ಷಕ್ಕೊಮ್ಮೆ ಪರಿಶೋಧಿಸಿದ ಲೆಕ್ಕ ಜಮಾಅತಿನ ಮುಂದೆ ಬರುತ್ತದೆಯೇ? ಉದ್ದೇಶ ಮುಗಿದುಹೋದರೆ ಉಳಿದದ್ದು ಎಲ್ಲಿಗೆ ಹೋಗುತ್ತದೆ? ಇವನ್ನು ಸೌಜನ್ಯದಿಂದ ಕೇಳಬೇಕು, ಉತ್ತರ ಸಿಕ್ಕಿದ ಮೇಲೆ ಮನಃಪೂರ್ವಕವಾಗಿ ಕೊಡಬೇಕು. ಲೆಕ್ಕ ಒಪ್ಪಿಸುವವರೂ ಈ ಪ್ರಶ್ನೆಗಳನ್ನು ಅವಮಾನವೆಂದು ತಿಳಿಯದೆ ತಮ್ಮ ಹೆಗಲ ಭಾರ ಹಂಚಿಕೊಳ್ಳುವ ಸಹಾಯವೆಂದು ತಿಳಿಯಬೇಕು. ಇಲ್ಲಿ ಜನರ ಮುಂದೆ ಲೆಕ್ಕ ಕೊಟ್ಟು ಅಭ್ಯಾಸವಾದವನಿಗೆ ನಾಳೆ ಅಲ್ಲಾಹನ ಮುಂದೆ ಲೆಕ್ಕ ಕೊಡುವುದು ಸುಲಭವಾದೀತು. ಅಮಾನತನ್ನು ಅದರ ಹಕ್ಕುದಾರರಿಗೆ ಪೂರ್ಣವಾಗಿ ತಲುಪಿಸುವ ಭಾಗ್ಯವನ್ನು ಅಲ್ಲಾಹನು ನಮಗೂ ನಮ್ಮ ಸಂಸ್ಥೆಗಳಿಗೂ ಕರುಣಿಸಲಿ, ಆಮೀನ್.